ರೇಡಿಯೇಟರ್ ಮತ್ತೆ ಮತ್ತೆ ಒಡೆಯುತ್ತಿದೆಯಾ? ಟರ್ಬೊ ಬಾಳುತ್ತಿಲ್ಲವಾ? ಡೀಸೆಲ್ ಪಿಕಪ್ ಇರುವವರಿಗೆ ಸಮಗ್ರ ಮಾರ್ಗದರ್ಶಿ

ಹಾಸನದಿಂದ ಮಂಗಳೂರಿಗೆ ಆಲೂಗಡ್ಡೆ, ಶುಂಠಿ. ವಾಪಸ್ ಬರುವಾಗ ದಕ್ಕೆಯಿಂದ (ಮೀನಿನ ಬಂದರು) ಐಸ್ ಹಾಕಿದ ಮೀನು. ನನ್ನ ಪಿಕಪ್ ವರ್ಷಗಟ್ಟಲೆ ಮಾಡಿದ ಕೆಲಸ ಇದು. ಇಳಿಯುವಾಗ ಏನೂ ತೊಂದರೆ ಇರುತ್ತಿರಲಿಲ್ಲ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗಲೇ ಎಲ್ಲ ಶುರುವಾಗುತ್ತಿತ್ತು. 14 ತಿಂಗಳಲ್ಲಿ ಎರಡು ರೇಡಿಯೇಟರ್ ಹೋದವು, ಎರಡು ಟರ್ಬೊ (ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೆ ಸುತ್ತಿ ಎಂಜಿನ್ನಿಗೆ ಜಾಸ್ತಿ ಗಾಳಿ ತಳ್ಳುವ ಭಾಗ) ಹೋದವು. ಎರಡನೇ ಟರ್ಬೊ ಮೂರು ವಾರ ಕೂಡ ಬಾಳಲಿಲ್ಲ.

ಪ್ರತಿ ಸಲ ಗ್ಯಾರೇಜಿನಲ್ಲಿ ಹೇಳಿದ್ದು ಒಂದೇ ಮಾತು: "ಪಾರ್ಟ್ ಹೋಗಿದೆ, ಬದಲಿಸೋಣ." ಯಾಕೆ ಹೋಯಿತು ಎಂದು ಅವರು ನೋಡಲಿಲ್ಲ. ನಾನೂ ಕೇಳಲಿಲ್ಲ. ಕೊನೆಗೆ ಗೊತ್ತಾಗಿದ್ದು ಇಷ್ಟು. ಮೊದಲ ಸಲ ಗಾಡಿ ಬಾಯ್ಲ್ ಆದಾಗಲೇ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ಪದರ) ಸ್ವಲ್ಪ ಸುಟ್ಟಿತ್ತು. ಆಮೇಲೆ ಹಾಕಿದ ಹೊಸ ರೇಡಿಯೇಟರನ್ನು ಅದೇ ಒಡೆಯಿತು. ಆ ಬಿಸಿಯಲ್ಲಿ ಬೆಂದ ಆಯಿಲ್ ಟರ್ಬೊಗೆ ಹೋಗುವ ಸಣ್ಣ ಪೈಪಿನೊಳಗೆ ಕರಿ ಕಟ್ಟಿತ್ತು. ಹೊಸ ಟರ್ಬೊಗೆ ಹಳೆಯ ಪೈಪನ್ನೇ ಹಾಕಿದ್ದರು.

ರೇಡಿಯೇಟರ್ ಆಗಲಿ, ಟರ್ಬೊ ಆಗಲಿ, ಸಾಮಾನ್ಯವಾಗಿ ತಾನಾಗಿ ಸಾಯುವುದಿಲ್ಲ. ಬೇರೆ ಯಾವುದೋ ತೊಂದರೆ ಅದನ್ನು ಕೊಲ್ಲುತ್ತದೆ. ಹೊಸದಕ್ಕೆ ದುಡ್ಡು ಕೊಡುವ ಮೊದಲು ಆ ತೊಂದರೆಯನ್ನು ಹಿಡಿಯುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಕೆಲವನ್ನು ನೀವೇ ಮಾಡಬಹುದು. ಕೆಲವನ್ನು ಫಿಟ್ಟರ್ ಕೈಯಲ್ಲೇ ಮಾಡಿಸಬೇಕು, ಆದರೆ ಪಕ್ಕದಲ್ಲಿ ನಿಂತು ಮಾಡಿಸಿ.

ಎರಡೂ ಯಾಕೆ ಒಟ್ಟೊಟ್ಟಿಗೆ ಹೋಗುತ್ತವೆ?

ಟರ್ಬೊ ಸುತ್ತುವುದು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಜಾಸ್ತಿ. ಅದರ ಶಾಫ್ಟ್ ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತದೆ. ಎಂಜಿನ್ ಹೀಟ್ ಆದರೆ ಆಯಿಲ್ ನೀರಿನಂತೆ ತೆಳುವಾಗುತ್ತದೆ, ಪದರ ಒಡೆಯುತ್ತದೆ, ಶಾಫ್ಟ್ ಕೂರುವ ಬುಷ್ ಸವೆಯುತ್ತದೆ. ಹೀಗೆ ರೇಡಿಯೇಟರ್ ತೊಂದರೆ ಟರ್ಬೊಗೆ ದಾಟುತ್ತದೆ.

ಇದರ ಉಲ್ಟಾ ಕೂಡ ಆಗುತ್ತದೆ. ಟರ್ಬೊ ಹೋಸ್ ಎಲ್ಲೋ ಸೀಳಿದರೆ ಗಾಳಿ ಸೋರುತ್ತದೆ. ಗಾಡಿ ಎಳೆಯಲ್ಲ, ನಾವು ಆಕ್ಸಿಲರೇಟರ್ ಜಾಸ್ತಿ ತುಳಿಯುತ್ತೇವೆ. ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಹೊಗೆ ಕಪ್ಪಾಗುತ್ತದೆ, ಬಿಸಿ ಏರುತ್ತದೆ, ಆ ಬಿಸಿ ರೇಡಿಯೇಟರ್ ಮೇಲೆ ಬೀಳುತ್ತದೆ. ಅದರ ಮೇಲೆ ಆರ್‌ಸಿಯಲ್ಲಿ ಬರೆದ ತೂಕಕ್ಕಿಂತ ಅರ್ಧ ಟನ್ ಜಾಸ್ತಿ ಲೋಡು ಇದ್ದರೆ ಘಾಟಿಯಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ, ಅಲ್ವಾ?

ಹಂತ 1: ಹೋದ ಭಾಗವನ್ನು ಗುಜರಿಗೆ ಹಾಕಬೇಡಿ, ಮೊದಲು ನೋಡಿ

ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಬೆಳಕಿನಲ್ಲಿ ಹಿಡಿದು ನೋಡಿ. ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಉದ್ದಕ್ಕೆ ಸೀಳಿದ್ದರೆ, ಅಥವಾ ಅಲ್ಯೂಮಿನಿಯಂ ಮಡಿಕೆ ಬಿಚ್ಚಿಕೊಂಡಿದ್ದರೆ, ಒಳಗಿನ ಪ್ರೆಷರ್ ಜಾಸ್ತಿ ಆಗಿದೆ. ಬೋಲ್ಟ್ ಕೂರುವ ಜಾಗದ ಹತ್ತಿರ ಬಿರುಕು ಇದ್ದರೆ ಅಲುಗಾಟ ಕಾರಣ. ಕೋರ್‌ನಲ್ಲಿ (ನಡುವಿನ ಸಣ್ಣ ಟ್ಯೂಬುಗಳ ಜಾಲ) ಸೂಜಿ ಚುಚ್ಚಿದ ಹಾಗೆ ಅಲ್ಲಲ್ಲಿ ತೂತು, ಸುತ್ತ ಬಿಳಿ ಪುಡಿ ಇದ್ದರೆ ನೀರು ತಿಂದಿದೆ, ಇಲ್ಲವೇ ಕರೆಂಟ್ ತಿಂದಿದೆ (ಹಂತ 4 ನೋಡಿ). ಗುಂಡಗೆ ಗೀರಿದ ಗಾಯ ಇದ್ದರೆ ಫ್ಯಾನ್ ತಗುಲಿದೆ. ಎಂಜಿನ್ ಮೌಂಟಿಂಗ್ ನೋಡಿ.

ಟರ್ಬೊ ಆದರೆ ಗಾಳಿ ಎಳೆಯುವ ಕಡೆಯ ಚಕ್ರ ನೋಡಿ. ರೆಕ್ಕೆಗಳ ಅಂಚು ಮರಳಿನಲ್ಲಿ ಉಜ್ಜಿದ ಹಾಗೆ ಸವೆದಿದ್ದರೆ ಧೂಳು ಹೋಗಿದೆ. ರೆಕ್ಕೆ ಮುರಿದು ಬಾಗಿದ್ದರೆ ನಟ್ಟು, ಬಟ್ಟೆ ಚೂರು, ಏನೋ ಒಳಗೆ ಬಿದ್ದಿದೆ. ಸೈಲೆನ್ಸರ್ ಕಡೆಯ ಚಕ್ರ ಜಜ್ಜಿದ್ದರೆ ತುಂಡು ಬಂದಿದ್ದು ಎಂಜಿನ್ನಿನ ಒಳಗಿಂದ. ವಾಲ್ವ್, ಹೀಟರ್ ಪ್ಲಗ್ ತುದಿ, ಇಂಜೆಕ್ಟರ್ ತುದಿ ನೋಡಿಸದೆ ಹೊಸ ಟರ್ಬೊ ಹಾಕಿಸಬೇಡಿ. ಶಾಫ್ಟ್ ನೀಲಿಗಟ್ಟಿದ್ದರೆ ಆಯಿಲ್ ಸಿಕ್ಕಿಲ್ಲ. ಶಾಫ್ಟ್ ಮೇಲೆ ಬಳೆ ಬಳೆಯಾಗಿ ಗೀರಿದ್ದರೆ ಆಯಿಲ್ ಕೊಳೆಯಾಗಿತ್ತು. ಎರಡೂ ಚಕ್ರ ಚೆನ್ನಾಗಿದ್ದು ಸುಮ್ನೆ ಆಯಿಲ್ ಒಸರುತ್ತಿದ್ದರೆ ಟರ್ಬೊ ಹೋಗಿಯೇ ಇಲ್ಲದಿರಬಹುದು. ಅದನ್ನು ಹಂತ 5ರಲ್ಲಿ ಹೇಳುತ್ತೇನೆ.

ಹಂತ 2: ಪ್ರೆಷರ್ ಎಲ್ಲಿಂದ ಬರುತ್ತಿದೆ?

ರೇಡಿಯೇಟರ್ ಮತ್ತೆ ಮತ್ತೆ ಒಡೆಯುವವರು ಮೊದಲು ನೋಡಬೇಕಾದ್ದು ಇದನ್ನೇ.

ಕ್ಯಾಪ್‌ನಿಂದ ಶುರು ಮಾಡಿ. ಅದರ ಮೇಲೆ 0.9 ಅಥವಾ 1.1 ಎಂಬಂಥ ಸಂಖ್ಯೆ ಇರುತ್ತದೆ. ಅಷ್ಟು ಬಾರ್ ಪ್ರೆಷರ್ ಆದಮೇಲೆ ಅದು ತೆರೆಯಬೇಕು. ಪ್ರೆಷರ್ ಯಾಕೆ ಬೇಕು ಅಂದರೆ, ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. 1 ಬಾರ್ ಪ್ರೆಷರ್ ಸೇರಿದರೆ 120 ಡಿಗ್ರಿಯವರೆಗೆ ಕುದಿಯದೆ ತಡೆಯುತ್ತದೆ. ಸುಮಾರು 950 ಮೀಟರ್ ಎತ್ತರದ ಸಕಲೇಶಪುರದಲ್ಲಿ ತೆರೆದ ನೀರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಕ್ಯಾಪ್ ಸಡಿಲ ಇದ್ದ ಗಾಡಿ ಬಯಲಲ್ಲಿ ಚೆನ್ನಾಗಿ ಓಡಿ ಘಾಟಿಯ ಮೇಲೆ ಉಕ್ಕುತ್ತದೆ. ಕ್ಯಾಪ್ ತೆರೆಯದೆ ಕಚ್ಚಿಕೊಂಡರೆ ಟ್ಯಾಂಕ್ ಸೀಳುತ್ತದೆ. ರಬ್ಬರ್ ಬಿರಿದಿದ್ದರೆ, ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಬದಲಿಸಿ. ಅದೇ ಸಂಖ್ಯೆಯದ್ದನ್ನೇ ಹಾಕಿ. "ಜಾಸ್ತಿ ಪ್ರೆಷರ್ ಇರೋದು ಒಳ್ಳೇದು" ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಇನ್ನು ಹೆಡ್ ಗ್ಯಾಸ್ಕೆಟ್. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಅಮುಕಿ. ರಾತ್ರಿಯೆಲ್ಲ ನಿಂತ ಮೇಲೂ ಗಟ್ಟಿ ಇದ್ದರೆ ಅನುಮಾನ ಪಡಿ. ಆಮೇಲೆ ಸ್ಟಾರ್ಟ್ ಮಾಡಿ. ಒಂದೆರಡು ನಿಮಿಷದಲ್ಲೇ, ನೀರು ಬಿಸಿಯಾಗುವ ಮೊದಲೇ ಹೋಸ್ ಕಲ್ಲಿನಂತಾದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ. ಇನ್ನೊಂದು ಬೆಳಿಗ್ಗೆ, ತಣ್ಣಗಿರುವಾಗ ಕ್ಯಾಪ್ ತೆಗೆದು ಬಾಯಿ ತನಕ ನೀರು ತುಂಬಿ, ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಡಿ. ಗುಳ್ಳೆಗಳು ನಿಲ್ಲದೆ ಒಂದೇ ಸಮ ಬರುತ್ತಿದ್ದರೆ ಉತ್ತರ ಸಿಕ್ಕಿತು. ಮೊದಲ ಕೆಲವು ಗುಳ್ಳೆ ಒಳಗೆ ಸಿಕ್ಕಿದ್ದ ಗಾಳಿಯದ್ದೂ ಆಗಿರಬಹುದು, ಗಾಬರಿ ಬೇಡ.

ಖಚಿತ ಮಾಡಿಕೊಳ್ಳಲು ನೀಲಿ ದ್ರಾವಣದ ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಯ ಆವಿಯನ್ನು ಅದರ ಮೂಲಕ ಎಳೆಯುತ್ತಾರೆ. ಹೊಗೆ ಇದ್ದರೆ ನೀಲಿ ಬಣ್ಣ ಹಸಿರಿಗೋ ಹಳದಿಗೋ ತಿರುಗುತ್ತದೆ. ಹೆಡ್ ಇಳಿಸುವ ಖರ್ಚಿನ ಮುಂದೆ ಇದು ಏನೂ ಅಲ್ಲ. ನನ್ನ ಗಾಡಿಯಲ್ಲಿ ಬಣ್ಣ ಒಂದೇ ನಿಮಿಷದಲ್ಲಿ ತಿರುಗಿತು. ಒಂದು ವರ್ಷ ಮೊದಲೇ ಮಾಡಿಸಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಹೆಡ್ ಇಳಿಸಿದರೆ ಸುಮ್ನೆ ಗ್ಯಾಸ್ಕೆಟ್ ಬದಲಿಸಿ ಮುಚ್ಚಬೇಡಿ. ಹೀಟ್ ಆದ ಹೆಡ್ ಬಾಗಿರಬಹುದು. ಲೇತ್‌ನವರಲ್ಲಿ ಮಟ್ಟ ನೋಡಿಸಿ, ಬಿರುಕು ಪರೀಕ್ಷೆ ಮಾಡಿಸಿ. ಕಂಪನಿ ಪುಸ್ತಕದಲ್ಲಿ ಹೇಳಿದ್ದರೆ ಹೆಡ್ ಬೋಲ್ಟ್ ಹೊಸದನ್ನೇ ಹಾಕಿಸಿ. ಟಾರ್ಕ್ ಸ್ಪ್ಯಾನರ್ ಇಲ್ಲದೆ ಬಿಗಿಯುವ ಕಡೆ ಈ ಕೆಲಸ ಕೊಡಬೇಡಿ.

ಬಿಎಸ್4, ಬಿಎಸ್6 ಗಾಡಿಗಳಲ್ಲಿ ಇನ್ನೊಂದು ಕಳ್ಳ ಇದ್ದಾನೆ, ಇಜಿಆರ್ ಕೂಲರ್. ಸೈಲೆನ್ಸರ್ ಹೊಗೆಯ ಒಂದು ಪಾಲನ್ನು ತಂಪು ಮಾಡಿ ಎಂಜಿನ್ನಿಗೆ ವಾಪಸ್ ಕಳಿಸುವ ಭಾಗ ಇದು. ಒಳಗೆ ಒಂದು ಕಡೆ ಹೊಗೆ, ಇನ್ನೊಂದು ಕಡೆ ಕೂಲೆಂಟ್. ನಡುವಿನ ಗೋಡೆ ಬಿರಿದರೆ ಕೂಲೆಂಟ್ ಕಡಿಮೆಯಾಗುತ್ತಾ ಹೋಗುತ್ತದೆ, ನೆಲದ ಮೇಲೆ ಒಂದು ಹನಿ ಇರುವುದಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಕಾಣುತ್ತದೆ. ಲಕ್ಷಣ ಗ್ಯಾಸ್ಕೆಟ್ ತರಹವೇ ಇರುವುದರಿಂದ ಸುಮ್ನೆ ಹೆಡ್ ಇಳಿಸಿದವರಿದ್ದಾರೆ. ಮೊದಲು ಕೂಲರ್ ಬಿಚ್ಚಿಸಿ, ನೀರಿನ ಬಾಯಿಗಳನ್ನು ಮುಚ್ಚಿ, ಸ್ವಲ್ಪ ಗಾಳಿ ತುಂಬಿ, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುವ ಹಾಗೆ ನೀರಿಗೆ ಮುಳುಗಿಸಿ ನೋಡಿಸಿ.

ಹಂತ 3: ಬೋರ್‌ವೆಲ್ ನೀರು ನಿಲ್ಲಿಸಿ

ನಮ್ಮ ಕಡೆ ಬಹಳ ಗಾಡಿಗಳ ರೇಡಿಯೇಟರಿನಲ್ಲಿ ಇರುವುದು ಬೋರ್ ನೀರು. ಮನೆಯ ಗೀಸರ್ ಕಾಯಿಲ್ ಮೇಲೆ ಬಿಳಿ ಗಾರೆ ಕಟ್ಟುವುದನ್ನು ನೋಡಿದ್ದೀರಲ್ಲ? ಎಂಜಿನ್ನಿನೊಳಗೂ ಅದೇ ಆಗುತ್ತದೆ. ಗಾರೆ ಕಟ್ಟಿದ ಗೋಡೆ ಬಿಸಿಯನ್ನು ನೀರಿಗೆ ಬಿಡುವುದಿಲ್ಲ. ಸಣ್ಣ ಟ್ಯೂಬುಗಳು ಮುಚ್ಚುತ್ತವೆ. ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಪುಸ್ತಕದಲ್ಲಿ ಹೇಳಿದ ಜಾತಿಯ ಕೂಲೆಂಟ್ ತೆಗೆದುಕೊಳ್ಳಿ. ಬೆರೆಸುವ ತರಹದ್ದಾದರೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನೊಂದಿಗೆ ಬೆರೆಸಿ, ಸಾಮಾನ್ಯವಾಗಿ ಅರ್ಧಕ್ಕರ್ಧ. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಎರಡು ಜಾತಿ ಬೆರೆಸಿದರೆ ಕೆಲವೊಮ್ಮೆ ಗಂಜಿಯಂತಾಗಿ ಟ್ಯೂಬುಗಳಲ್ಲಿ ಕೂರುತ್ತದೆ.

ಹೊಸ ರೇಡಿಯೇಟರ್ ಹಾಕುವ ಮೊದಲು ಎಂಜಿನ್ನಿನೊಳಗಿನ ತುಕ್ಕನ್ನು ತೊಳೆಯಲೇಬೇಕು. ಇಲ್ಲದಿದ್ದರೆ ಹಳೆಯ ಕೊಳೆ ಬಂದು ಹೊಸದನ್ನೂ ಕಟ್ಟುತ್ತದೆ. ಸ್ಪಷ್ಟ ನೀರು ಬರುವವರೆಗೆ ತೊಳೆದು, ಕೊನೆಯ ಸಲ ಶುದ್ಧ ನೀರಿನಲ್ಲಿ ತೊಳೆಯಿರಿ. ತುಂಬುವಾಗ ಗಾಳಿ ತೆಗೆಯುವ ಸ್ಕ್ರೂ ಇದ್ದರೆ ಸಡಿಲಿಸಿ, ಹೀಟರ್ ಇದ್ದರೆ ಬಿಸಿಯ ಕಡೆ ತಿರುಗಿಸಿ, ನಿಧಾನ ತುಂಬಿ. ಕೂಲೆಂಟ್ ವಿಷ. ಸಿಹಿ ಇರುವುದರಿಂದ ನಾಯಿಗಳು ನೆಕ್ಕುತ್ತವೆ. ಹಳೆಯದನ್ನು ಚರಂಡಿಗೆ ಬಿಡಬೇಡಿ, ಮಕ್ಕಳ ಕೈಗೆ ಸಿಗುವ ಬಾಟಲಿಯಲ್ಲಿ ಇಡಬೇಡಿ.

ಒಡೆದ ಪ್ಲಾಸ್ಟಿಕ್ ಟ್ಯಾಂಕಿಗೆ ಅಂಟು ಮೆತ್ತುವುದು ಮನೆ ತಲುಪುವ ಮಟ್ಟಿಗೆ ಮಾತ್ರ. ಅದನ್ನು ನಂಬಿ ಘಾಟಿ ಹತ್ತಬೇಡಿ. ಸೋರಿಕೆ ಮುಚ್ಚುವ ಪುಡಿಯೂ ಹಾಗೆಯೇ, ಚೆನ್ನಾಗಿರುವ ಟ್ಯೂಬನ್ನೂ ಮುಚ್ಚುತ್ತದೆ.

ಹಂತ 4: ಗಾಳಿ, ಫ್ಯಾನ್, ಥರ್ಮೋಸ್ಟಾಟ್, ಮೌಂಟಿಂಗ್

ಹಲವು ಪಿಕಪ್‌ಗಳಲ್ಲಿ ಇಂಟರ್‌ಕೂಲರ್ (ಟರ್ಬೊ ಕಳಿಸುವ ಬಿಸಿ ಗಾಳಿಯನ್ನು ತಂಪು ಮಾಡುವ ಭಾಗ) ರೇಡಿಯೇಟರಿನ ಮುಂದೆ ಅಂಟಿಕೊಂಡೇ ಇರುತ್ತದೆ. ಎರಡರ ನಡುವೆ ಹುಲ್ಲು, ಹುಳ, ಕೆಮ್ಮಣ್ಣು ಸೇರಿ ಕಂಬಳಿ ಹೊದಿಸಿದ ಹಾಗೆ ಆಗುತ್ತದೆ. ಮುಂದಿನಿಂದ ನೋಡಿದರೆ ಎಲ್ಲ ಚೊಕ್ಕ. ಟಾರ್ಚ್ ಹಿಡಿದು ಸಂದಿಯಲ್ಲಿ ನೋಡಿ. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ, ಕೊಳಾಯಿ ಪೈಪಿನ ನೀರು ಸಾಕು. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಪದರಗಳು ಮಡಚಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಫ್ಯಾನಿನ ಸುತ್ತಲ ಪ್ಲಾಸ್ಟಿಕ್ ಬಳೆ ಇದೆಯಾ? ಎಷ್ಟೋ ಗಾಡಿಗಳಲ್ಲಿ ಒಮ್ಮೆ ಬಿಚ್ಚಿದವರು ವಾಪಸ್ ಹಾಕಿರುವುದಿಲ್ಲ. ಅದಿಲ್ಲದೆ ಫ್ಯಾನ್ ರೇಡಿಯೇಟರಿನಿಂದ ಗಾಳಿ ಎಳೆಯುವುದಿಲ್ಲ, ಸುತ್ತಲ ಬಿಸಿ ಗಾಳಿಯನ್ನೇ ಕಲಕುತ್ತದೆ. ವಿಸ್ಕಸ್ ಫ್ಯಾನ್ (ಬಿಸಿ ಏರಿದಂತೆ ತಾನಾಗಿ ಜೋರಾಗುವ ಕ್ಲಚ್ ಇರುವ ಫ್ಯಾನ್) ಆದರೆ ಗಾಡಿ ಪೂರ್ತಿ ಹೀಟ್ ಆದಾಗ ಅದರ ಸದ್ದು ಏರಬೇಕು. ಏರದಿದ್ದರೆ ಕ್ಲಚ್ ಹೋಗಿದೆ. ಎಂಜಿನ್ ಆಫ್ ಆಗಿರುವಾಗ ಕೈಯಲ್ಲಿ ತಿರುಗಿಸಿ. ಯಾವ ತಡೆಯೂ ಇಲ್ಲದೆ ಗಿರಗಿರ ಸುತ್ತಿದರೂ ಅದೇ ಅರ್ಥ.

ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆಗೆದುಹಾಕುವ ಚಾಳಿ ದಯವಿಟ್ಟು ಬಿಡಿ. ಕೆಲವು ಎಂಜಿನ್‌ಗಳಲ್ಲಿ ಅದು ಬಿಸಿಯಾದಾಗ ಅಡ್ಡದಾರಿಯನ್ನೂ ಮುಚ್ಚುತ್ತದೆ. ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಗಾಡಿ ಇನ್ನೂ ಹೀಟ್ ಆಗುತ್ತದೆ. ಅನುಮಾನ ಇದ್ದರೆ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ 82 ಎಂದಿದ್ದರೆ ಸುಮಾರು 82 ಡಿಗ್ರಿಗೆ ಬಾಯಿ ಬಿಡಬೇಕು.

ಎಂಜಿನ್ ಮೌಂಟಿಂಗ್, ರೇಡಿಯೇಟರ್ ಕೆಳಗಿನ ರಬ್ಬರ್ ಬುಷ್ ಕೂಡ ನೋಡಿ. ಸವೆದ ಬುಷ್ ಮೇಲೆ ಕೂರಿಸಿದ ಹೊಸ ರೇಡಿಯೇಟರ್ ಗುಂಡಿಯ ರಸ್ತೆಯಲ್ಲಿ ಬಹಳ ದಿನ ಬಾಳುವುದಿಲ್ಲ.

ಇನ್ನು ಕರೆಂಟ್. ಗಾಡಿಗೆ ಹೆಚ್ಚುವರಿ ಲೈಟು, ಹಾರ್ನ್ ಹಾಕಿಸಿ ಅರ್ತಿಂಗ್ ಸರಿ ಕೊಡದಿದ್ದರೆ ಕರೆಂಟ್ ಕೂಲೆಂಟ್ ಮೂಲಕ ಹರಿದು ಕೋರ್ ತೂತಾಗುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನು ಲೋಹಕ್ಕೆ ತಾಗದಂತೆ ಕೂಲೆಂಟಿಗೆ ಅದ್ದಿ. ಎಲ್ಲ ಲೈಟ್ ಹಾಕಿ ನೋಡಿ. 0.1 ವೋಲ್ಟ್ ಒಳಗಿದ್ದರೆ ಸರಿ. 0.3 ದಾಟಿದರೆ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಹಂತ 5: ಟರ್ಬೊಗೆ ಆಯಿಲ್ ಹೋಗುವ ದಾರಿ, ಬರುವ ದಾರಿ

ಟರ್ಬೊ ಎರಡನೇ ಸಲ ಹೋಗಿದೆ ಎಂದರೆ ಈ ಹಂತವನ್ನು ನಿಧಾನ ಓದಿ.

ಮೇಲಿನಿಂದ ಆಯಿಲ್ ತರುವ ಪೈಪ್ ಪೆನ್ನಿನ ರೀಫಿಲ್ಲಿಗಿಂತ ಸ್ವಲ್ಪ ದಪ್ಪ ಇರುತ್ತದೆ ಅಷ್ಟೇ. ಬಿಸಿ ಎಂಜಿನ್ನನ್ನು ಏಕಾಏಕಿ ನಿಲ್ಲಿಸಿದರೆ ಅದರಲ್ಲಿ ನಿಂತ ಆಯಿಲ್ ಬೆಂದು ಗಟ್ಟಿ ಕರಿಯಾಗುತ್ತದೆ. ಇದನ್ನು ತೊಳೆದು ಹಾಕುವುದು ಬೇಡ. ಒಳಗೆ ಅಂಟಿದ್ದು ಪೂರ್ತಿ ಹೋಗುವುದಿಲ್ಲ. ಅರ್ಧ ಬಿಟ್ಟ ಚೂರು ಹೊಸ ಟರ್ಬೊದ ಬುಷ್‌ಗೆ ಹೋಗಿ ಕೂರುತ್ತದೆ. ಹೊಸ ಟರ್ಬೊಗೆ ಹೊಸ ಪೈಪ್, ಹೊಸ ವಾಷರ್. ಪೈಪ್ ಬಿಗಿಯುವ ಟೊಳ್ಳು ಬ್ಯಾಂಜೋ ಬೋಲ್ಟ್‌ನಲ್ಲಿ ಜಾಲರಿ ಇದ್ದರೆ ಅದೂ ಹೊಸದು.

ಕೆಳಗೆ ಆಯಿಲ್ ಇಳಿಯುವ ಪೈಪಿನಲ್ಲಿ ಪ್ರೆಷರ್ ಇರುವುದಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಅದು ಮಡಚಿದ್ದರೆ, ಒಳಗೆ ಸಿಲಿಕೋನ್ ಪೇಸ್ಟ್ ಉಬ್ಬಿ ನಿಂತಿದ್ದರೆ, ಆಯಿಲ್ ಟರ್ಬೊದೊಳಗೇ ತುಂಬಿ ಎರಡೂ ಬದಿಗೆ ಒಸರುತ್ತದೆ. ಎಂಜಿನ್ನಿನೊಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪ್ ಕಟ್ಟಿದ್ದರೂ ಇದೇ ಕಥೆ, ಕೆಳಗಿನಿಂದ ಪ್ರೆಷರ್ ತಳ್ಳುವುದರಿಂದ ಆಯಿಲ್ ಇಳಿಯಲಾರದು. "ಟರ್ಬೊ ಸೀಲ್ ಹೋಗಿದೆ" ಎಂದು ತೀರ್ಪು ಕೊಡುವ ಮೊದಲು ಇವೆರಡನ್ನೂ ನೋಡಿಸಿ. ಪೇಸ್ಟ್ ಹಚ್ಚಲು ಬಂದರೆ ತಡೆಯಿರಿ, ಗ್ಯಾಸ್ಕೆಟ್ ಮಾತ್ರ ಹಾಕಿಸಿ.

ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಕೂಲೆಂಟ್ ಸೇರಿದೆ. ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಿಸದೆ ಗಾಡಿ ಓಡಿಸಬೇಡಿ, ಟರ್ಬೊ ಬುಷ್ ಮೊದಲ ಬಲಿಯಾಗುತ್ತದೆ. ಆಯಿಲ್ ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಸೋರುತ್ತಿರಬಹುದು. ಆಯಿಲ್ ಯಾವುದು ಎನ್ನುವುದೂ ಮುಖ್ಯ. ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವ ಬಿಎಸ್6 ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಪುಸ್ತಕದಲ್ಲಿ ಬರೆದ ಗ್ರೇಡನ್ನೇ ಹಾಕಿ.

ಹಂತ 6: ಗಾಳಿಯ ದಾರಿ, ಹೊಗೆಯ ದಾರಿ

ಏರ್ ಫಿಲ್ಟರಿಗೆ ಪಂಕ್ಚರ್ ಅಂಗಡಿಯ ಗಾಳಿ ಹೊಡೆದು ಮತ್ತೆ ಮತ್ತೆ ಹಾಕುವುದು ನಮ್ಮಲ್ಲಿ ರೂಢಿ. ಜೋರು ಗಾಳಿಗೆ ಕಾಗದ ಹರಿಯುತ್ತದೆ. ಒಳಗೆ ಬಲ್ಬ್ ಹಿಡಿದು ಕತ್ತಲಲ್ಲಿ ನೋಡಿ, ಬೆಳಕಿನ ಚುಕ್ಕೆ ಕಂಡರೆ ಅದು ಧೂಳಿನ ಬಾಗಿಲು. ಫಿಲ್ಟರ್ ನಂತರದ ಪೈಪಿನೊಳಗೆ ಬೆರಳು ಹಾಕಿ ಸವರಿ. ಮಣ್ಣು ಹತ್ತಿದರೆ ಕ್ಲಿಪ್ ಸಡಿಲ ಇದೆ ಅಥವಾ ಪೈಪ್ ಹರಿದಿದೆ.

ಟರ್ಬೊದಿಂದ ಇಂಟರ್‌ಕೂಲರ್, ಅಲ್ಲಿಂದ ಎಂಜಿನ್ನಿಗೆ ಹೋಗುವ ಹೋಸ್‌ಗಳಿಗೆ ಸೋಪು ನೀರು ಚಿಮುಕಿಸಿ, 15 ಪಿಎಸ್ಐ ಮೀರದಂತೆ ಗಾಳಿ ಕೊಟ್ಟು ಗುಳ್ಳೆ ಹುಡುಕಿ. ಹೋಸ್‌ನ ಕೆಳಬದಿಯ ಸೀಳು ಕಣ್ಣಿಗೆ ಬೀಳುವುದೇ ಇಲ್ಲ, ಕೈಯಾಡಿಸಿ.

ಟರ್ಬೊ ಶಾಫ್ಟನ್ನು ಎಂಜಿನ್ ತಣ್ಣಗಿರುವಾಗ ಹಿಡಿದು ನೋಡಿ. ಅಡ್ಡಕ್ಕೆ ಸ್ವಲ್ಪ ಆಟ ಇರುವುದು ಸಹಜ, ಆಯಿಲ್ ಬಂದಾಗ ಆ ಜಾಗ ತುಂಬುತ್ತದೆ. ಹಿಂದೆ ಮುಂದೆ ಎಳೆದಾಗ ಆಟ ಕೈಗೆ ತಿಳಿಯಬಾರದು. ರೆಕ್ಕೆ ಗೂಡಿಗೆ ತಾಗಿದ ಗುರುತಿದ್ದರೆ ಅದು ಮುಗಿಯಿತು.

ಸೈಲೆನ್ಸರ್ ಮಸಿಯಿಂದ ಕಟ್ಟಿದ್ದರೆ ಹೊಗೆ ಹಿಂದಕ್ಕೆ ಒತ್ತಿ ಟರ್ಬೊ ಕೆಂಪಗೆ ಕಾಯುತ್ತದೆ. ಬಿಎಸ್6 ಗಾಡಿಯಲ್ಲಿ ಮಸಿ ಫಿಲ್ಟರಿನ ದೀಪ ಹತ್ತಿದರೆ ನೋಡಿಸುವುದನ್ನು ಮುಂದೆ ಹಾಕಬೇಡಿ.

ಹಂತ 7: ಹೊಸ ಟರ್ಬೊ ಕೂರಿಸುವ ದಿನ

ಇಂಟರ್‌ಕೂಲರ್ ಬಿಚ್ಚಿ ತೊಳೆಸಿ, ಒಣಗಿಸಿ. ಹಳೆಯ ಟರ್ಬೊದ ರೆಕ್ಕೆ ಚೂರು, ಹಳೆಯ ಆಯಿಲ್ ಅಲ್ಲೇ ಕೂತಿರುತ್ತದೆ. ಚೂರು ತೊಳೆದರೂ ಹೋಗುತ್ತಿಲ್ಲ ಎಂದರೆ ಹೊಸದೇ ಬೇಕು. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಎಲ್ಲ ಅದೇ ದಿನ ಬದಲಿಸಿ.

ಟರ್ಬೊದ ಆಯಿಲ್ ತೂತಿಗೆ ಶುದ್ಧ ಆಯಿಲ್ ಸ್ವಲ್ಪ ಹಾಕಿ, ಚಕ್ರವನ್ನು ಬೆರಳಿನಿಂದ ಸುತ್ತಿಸಿ. ಇಂಜೆಕ್ಟರ್ ಸಾಕೆಟ್ ತೆಗೆದು, ಗಾಡಿ ಸ್ಟಾರ್ಟ್ ಆಗದಂತೆ ಮಾಡಿ, 10 ಸೆಕೆಂಡಿನಂತೆ ಕೆಲವು ಸಲ ಸೆಲ್ಫ್ ಹೊಡೆಸಿ. ಆಯಿಲ್ ಪೈಪಿನ ಮೇಲ್ತುದಿಯಲ್ಲಿ ಆಯಿಲ್ ಬರುವುದನ್ನು ಕಣ್ಣಾರೆ ನೋಡಿ. ಆಮೇಲೆ ಪೈಪ್ ಬಿಗಿದು ಸ್ಟಾರ್ಟ್ ಮಾಡಿ, ರೇಸ್ ಕೊಡದೆ ಮೂರು ನಾಲ್ಕು ನಿಮಿಷ ಬಿಡಿ. ಸ್ಟಾರ್ಟ್ ಆದ ಕೂಡಲೇ ಭರ್ರ್ ಎಂದು ರೇಸ್ ಕೊಟ್ಟು ಪರೀಕ್ಷಿಸುವವರಿಗೆ ಕೀ ಕೊಡಬೇಡಿ.

ರಸ್ತೆಯಲ್ಲಿ

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಘಾಟಿ ಹತ್ತಿ ಚಹಾಕ್ಕೆ ನಿಲ್ಲಿಸಿದರೆ ಒಂದೆರಡು ನಿಮಿಷ ಐಡಲ್ ಬಿಟ್ಟೇ ಆಫ್ ಮಾಡಿ. ಏರಿನಲ್ಲಿ ಮೂರನೇ ಗೇರಿನಲ್ಲಿ ಗುದ್ದಾಡುವುದಕ್ಕಿಂತ ಎರಡಕ್ಕೆ ಇಳಿಸಿ. ಆಗ ವಾಟರ್ ಪಂಪ್, ಫ್ಯಾನ್ ಎರಡೂ ಜೋರಾಗಿ ಸುತ್ತುತ್ತವೆ.

ಟೆಂಪರೇಚರ್ ಮುಳ್ಳು ಏರಿದರೆ ಎಸಿ ಆಫ್, ಹೀಟರ್ ಇದ್ದರೆ ಪೂರ್ತಿ ಆನ್, ಜಾಗ ಸಿಕ್ಕಿದಲ್ಲಿ ಪಕ್ಕಕ್ಕೆ. ಹೋಸ್ ಒಡೆದಿದ್ದರೆ ಕೂಡಲೇ ಆಫ್. ಏರಿದ್ದ ಮುಳ್ಳು ದಿಢೀರನೆ ಕೆಳಗೆ ಬಿದ್ದರೆ ಖುಷಿಪಡಬೇಡಿ. ನೀರು ಖಾಲಿಯಾಗಿ ಸೆನ್ಸರ್ ಒಣಗಿದಾಗಲೂ ಹಾಗೇ ಆಗುತ್ತದೆ. ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ, ಮುಖ ಬೇಯುತ್ತದೆ. ಮುಕ್ಕಾಲು ಗಂಟೆಯಾದರೂ ಕಾಯಿರಿ. ಸುಡುವ ಎಂಜಿನ್ನಿಗೆ ಹೊಳೆಯ ತಣ್ಣೀರು ಸುರಿದರೆ ಹೆಡ್ ಬಿರಿಯುತ್ತದೆ.

ಕೊನೆಯದಾಗಿ ಜೀವದ ವಿಷಯ. ಟರ್ಬೊ ಒಡೆದು ಆಯಿಲ್ ಎಂಜಿನ್ನಿನೊಳಗೆ ನುಗ್ಗಿದರೆ ಗಾಡಿ ಆ ಆಯಿಲನ್ನೇ ಸುಟ್ಟು ತಾನಾಗಿ ರೇಸ್ ಆಗುತ್ತದೆ. ದಟ್ಟ ನೀಲಿ ಹೊಗೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಟಾಪ್ ಗೇರ್ ಹಾಕಿ, ಫುಟ್‌ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಡಿ. ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಮುಂದೆ ಹಿಂದೆ ಯಾರೂ ಇಲ್ಲ ಎಂದು ಮೊದಲು ನೋಡಿಕೊಳ್ಳಿ. ಗಾಳಿ ಎಳೆಯುವ ಬಾಯನ್ನು ಕೈಯಲ್ಲಾಗಲಿ ಬಟ್ಟೆಯಲ್ಲಾಗಲಿ ಮುಚ್ಚಲು ಹೋಗಬೇಡಿ. ಅದು ಎಳೆದುಕೊಳ್ಳುತ್ತದೆ. ನಿಮ್ಮ ಜೊತೆ ಓಡಾಡುವ ಕ್ಲೀನರ್ ಹುಡುಗನಿಗೂ ಇದನ್ನು ಇವತ್ತೇ ಹೇಳಿಕೊಡಿ.